ಧರ್ಮಚರ್ಚೆಯಲ್ಲಿ ಪ್ರವಾದಿ ಮಾದರಿ



ನೆರೆಯವರೋ ಸಹಪಾಠಿಯೋ ನಿಮ್ಮ ವಿಶ್ವಾಸವನ್ನು ಪ್ರಶ್ನಿಸಿದಾಗ ನೀವು ಹೇಗೆ ಉತ್ತರಿಸುತ್ತೀರಿ?

ನಾನು ಬಿ.ಎ. ಓದುತ್ತಿದ್ದಾಗ ಕ್ರೈಸ್ತ ಸಹಪಾಠಿಯೊಬ್ಬನೊಡನೆ ಈಸಾ(ಅ)ರ ಕುರಿತು ವಾದಕ್ಕಿಳಿದಿದ್ದೆ. ಮದ್ರಸದಲ್ಲಿ ಕಲಿತುದನ್ನೆಲ್ಲ ಅವನ ಮುಂದೆ ಸುರಿದೆ. ಅವನ ಗ್ರಂಥವನ್ನು ಗೇಲಿ ಮಾಡಿದೆ. ಸುತ್ತಲಿದ್ದವರು ನಕ್ಕರು, ಅವನು ಮೌನವಾದ. ಗೆದ್ದೆನೆಂದು ನಾನು ಹಿಗ್ಗಿದೆ. ಆದರೆ ಅಂದಿನಿಂದ ಅವನು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಲಿಲ್ಲ. ಇಸ್ಲಾಮಿನ ಬಗ್ಗೆ ಮತ್ತೆಂದೂ ಏನನ್ನೂ ಕೇಳಲಿಲ್ಲ.

ನಜ್ರಾನಿನ ಅತಿಥಿಗಳು

ಇದೇ ವಿಷಯದಲ್ಲಿ ಪ್ರವಾದಿ(ಸ)ಯವರು ನಡೆಸಿದ ಚರ್ಚೆಯನ್ನು ನೋಡಿರಿ. ದಕ್ಷಿಣ ಅರೇಬಿಯಾದ ನಜ್ರಾನಿನಿಂದ ಸುಮಾರು 60 ಮಂದಿ ಕ್ರೈಸ್ತರ ನಿಯೋಗವೊಂದು ಮದೀನಕ್ಕೆ ಬಂದಿತು. ಇಬ್ನು ಇಸ್‌ಹಾಕ್‌ರ ವರದಿಯ ಪ್ರಕಾರ, ಅವರ ಪ್ರಾರ್ಥನೆಯ ಸಮಯವಾದಾಗ ಅವರು ಮಸ್ಜಿದುನ್ನಬವಿಯಲ್ಲೇ ಎದ್ದು ನಿಂತರು. ಅವರನ್ನು ತಡೆಯದಂತೆ ಪ್ರವಾದಿ(ಸ)ಯವರು ತಿಳಿಸಿದರು. ಅವರು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಿದರು.

ಹಾಗೆಂದು ಪ್ರವಾದಿವರ್ಯರು(ಸ) ಭಿನ್ನಾಭಿಪ್ರಾಯವನ್ನು ಮುಚ್ಚಿಡಲಿಲ್ಲ. ಈಸಾ(ಅ) ದೇವಪುತ್ರರೆಂಬ ವಾದವನ್ನು ಅವರು ಸ್ಪಷ್ಟವಾಗಿ ನಿರಾಕರಿಸಿದರು. ತಂದೆಯಿಲ್ಲದೆ ಜನಿಸಿದ ಈಸಾ(ಅ)ರನ್ನು ಮಣ್ಣಿನಿಂದ ಸೃಷ್ಟಿಸಲ್ಪಟ್ಟ ಆದಮ್(ಅ)ರಿಗೆ ಹೋಲಿಸುವ ಸೂಕ್ತ (ಆಲು ಇಮ್ರಾನ್: 59) ಈ ಸಂದರ್ಭದಲ್ಲೇ ಅವತೀರ್ಣವಾಯಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಸುಳ್ಳು ಹೇಳುವವರ ಮೇಲೆ ಅಲ್ಲಾಹನ ಶಾಪ ಬೇಡುವ ‘ಮುಬಾಹಲ’ಕ್ಕೂ ಆಹ್ವಾನ ನೀಡಲಾಯಿತು. ಅವರು ಅದಕ್ಕೆ ಒಪ್ಪಲಿಲ್ಲ. ಕಪ್ಪ ಕೊಡುವ ಒಪ್ಪಂದ ಮಾಡಿಕೊಂಡು ತಮ್ಮ ಧರ್ಮದಲ್ಲೇ ಉಳಿದು ಊರಿಗೆ ಮರಳಿದರು. ವಿಶ್ವಾಸಾರ್ಹ ವ್ಯಕ್ತಿಯೊಬ್ಬರನ್ನು ಕಳುಹಿಸಿಕೊಡಬೇಕೆಂಬ ಅವರ ಬೇಡಿಕೆಯಂತೆ ಅಬೂ ಉಬೈದ(ರ)ರನ್ನು ಕಳುಹಿಸಲಾಯಿತು.

ಗೌರವವೆಂದರೆ ಒಪ್ಪಿಗೆಯಲ್ಲ

ಇತರರ ವಿಶ್ವಾಸವನ್ನು ಗೌರವಿಸಿದರೆ ನಮ್ಮ ವಿಶ್ವಾಸ ಸಡಿಲವಾಗುವುದೆಂದು ಕೆಲವರು ಅಂಜುತ್ತಾರೆ. ನಜ್ರಾನಿನ ಘಟನೆ ಈ ಅಂಜಿಕೆಯನ್ನು ನಿವಾರಿಸುತ್ತದೆ. ತೌಹೀದ್‌ನಲ್ಲಿ ಎಳ್ಳಷ್ಟೂ ರಾಜಿಯಾಗಲಿಲ್ಲ, ಅತಿಥಿಗಳ ಗೌರವಕ್ಕೂ ಕುಂದು ಬರಲಿಲ್ಲ.

ಅತ್ಯುತ್ತಮ ರೀತಿಯಲ್ಲಿ ಸಂವಾದ ನಡೆಸಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ (ಅನ್ನಹ್ಲ್: 125). ಗ್ರಂಥದವರ ವಿಷಯದಲ್ಲಿ ಇದನ್ನು ಪ್ರತ್ಯೇಕವಾಗಿ ಒತ್ತಿ ಹೇಳುತ್ತದೆ (ಅಲ್ ಅನ್ಕಬೂತ್: 46). ಅನ್ಯರ ಆರಾಧ್ಯರನ್ನು ನಿಂದಿಸುವುದನ್ನು ನಿಷೇಧಿಸುತ್ತದೆ. ಏಕೆಂದರೆ ಅವರು ಅರಿವಿಲ್ಲದೆ ಅಲ್ಲಾಹನನ್ನೇ ನಿಂದಿಸಲು ಅದು ಕಾರಣವಾದೀತು (ಅಲ್ ಅನ್‌ಆಮ್: 108).

ನಾವೇನು ಮಾಡಬೇಕು?

ಮೊದಲು ಕೇಳಿರಿ. ಅವರ ನಂಬಿಕೆ ಏನೆಂಬುದನ್ನು ಖಂಡನೆಯ ಕಿರುಪುಸ್ತಕಗಳಿಂದಲ್ಲ, ಅವರಿಂದಲೇ ತಿಳಿಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿರಿ, ವಿದ್ವಾಂಸರಲ್ಲಿ ವಿಚಾರಿಸಿ ಉತ್ತರಿಸಿರಿ. ಕೋಪ ಬಂದೊಡನೆ ಮಾತು ನಿಲ್ಲಿಸಿರಿ. ತನ್ನ ಕಡೆ ಸತ್ಯವಿದ್ದರೂ ಜಗಳ ತೊರೆಯುವವನಿಗೆ ಸ್ವರ್ಗದ ಅಂಚಿನಲ್ಲಿ ಮನೆಯೊಂದರ ಭರವಸೆಯನ್ನು ಪ್ರವಾದಿ(ಸ)ಯವರು ನೀಡಿರುವುದು ಅಬೂದಾವೂದ್‌ನ ಹದೀಸಿನಲ್ಲಿದೆ.

ತಾಯಂದಿರೇ, ತಂದೆಯಂದಿರೇ, ನೆರೆಮನೆಯವರ ಪೂಜೆ, ಪ್ರಾರ್ಥನೆಗಳ ಬಗ್ಗೆ ನೀವು ಊಟದ ಹೊತ್ತಿನಲ್ಲಿ ಆಡುವ ಮಾತನ್ನೇ ಮಕ್ಕಳು ನಾಳೆ ಶಾಲೆಯಲ್ಲಿ ಆಡುತ್ತಾರೆ.

ಆ ಸಹಪಾಠಿಯ ಕ್ಷಮೆ ಕೇಳುವ ಅವಕಾಶ ನನಗೆ ಇನ್ನೂ ಸಿಕ್ಕಿಲ್ಲ. ನಿಮಗೆ ಅಂತಹ ಅವಕಾಶವಿದ್ದರೆ ತಡಮಾಡಬೇಡಿರಿ. ಸತ್ಯವನ್ನು ಸೌಜನ್ಯದಿಂದ ಹೇಳುವ ನಾಲಗೆಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.