ರಾವಣವಧೆಗೆ ಜಾಯ್‌ಸ್ಟಿಕ್ ಬೇಕೇ?

ಪ್ರಶ್ನೆ: ಬಾಹ್ಯಾಕಾಶ ಯುದ್ಧದ ಸಿನಿಮಾಗಳೆಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಈಗ ನಾನೇ ನೌಕೆ ಓಡಿಸಿ ಕಾದಾಡುವಂಥ ಕಂಪ್ಯೂಟರ್ ಆಟ ಬೇಕು. ದೈತ್ಯ ರೋಬಾಟಿನೊಳಗೆ ಕೂತು ಹೋರಾಡುವ ಆಟಗಳ ಬಗೆಗೂ ಕುತೂಹಲವಿದೆ. ಸುಮ್ಮನೆ ಢಂ ಢಂ ಅನ್ನಿಸುವುದಲ್ಲ, ಯಂತ್ರ ನಡೆಸಿದ ಅನುಭವ ಸಿಗಬೇಕು. ನನ್ನದು ನಾಲ್ಕೈದು ವರ್ಷ ಹಳೆಯ ಸಾಧಾರಣ ಲ್ಯಾಪ್‌ಟಾಪ್. ಎಲ್ಲಿಂದ ಶುರು ಮಾಡಲಿ? ಜಾಯ್‌ಸ್ಟಿಕ್ ಕೊಳ್ಳಲೇಬೇಕೇ?

ಉತ್ತರ: ಹೆಸರು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೌಕೆಗೆ ‘ಫ್ರೀಸ್ಪೇಸ್ 2’. ರೋಬಾಟಿಗೆ, ಅಂದರೆ ಈ ಆಟಗಳವರು ಮೆಕ್ ಎಂದು ಕರೆಯುವ ನಡೆದಾಡುವ ಯುದ್ಧಯಂತ್ರಕ್ಕೆ, ‘ಮೆಕ್‌ವಾರಿಯರ್ 5: ಮರ್ಸಿನರೀಸ್’. ಮೊದಲನೆಯದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತದೆ. ಎರಡನೆಯದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಇದೆಯೋ ಇಲ್ಲವೋ ನೋಡಿಕೊಂಡು ದುಡ್ಡು ಬಿಚ್ಚಿ.

ಯಂತ್ರ ನಡೆಸಿದ ಅನುಭವ ಅಂದಿರಲ್ಲ, ನನ್ನ ಮಟ್ಟಿಗೆ ಅದು ಬರುವುದು ಕೊರತೆಯಿಂದ. ತಿಂಗಳ ಕೊನೆಯ ವಾರ ಮನೆ ತೂಗಿಸುವವರಿಗೆ ಈ ಮಾತು ಬೇಗ ತಿಳಿಯುತ್ತದೆ: ಇರುವುದು ಇಷ್ಟೇ, ಒಂದಕ್ಕೆ ಸುರಿದರೆ ಇನ್ನೊಂದಕ್ಕಿಲ್ಲ. ಗುಂಡು ಮುಗಿಯದ, ಇಂಜಿನ್ ದಣಿಯದ ಆಟದ ಚಿತ್ರ ಎಷ್ಟೇ ಝಗಮಗಿಸಲಿ, ಎರಡು ಸಂಜೆಯಲ್ಲಿ ಬೇಸರ ಬರುತ್ತದೆ. ನಾನು ಆಟ ಆರಿಸುವುದು ಈ ಅಳತೆಗೋಲಿನಿಂದಲೇ.

ಫ್ರೀಸ್ಪೇಸ್ 2 ಹೊರಬಂದದ್ದು 1999ರಲ್ಲಿ. ನಿಮ್ಮ ನೌಕೆಯ ವಿದ್ಯುತ್ತು ಬಂದೂಕು, ರಕ್ಷಾಕವಚ, ಇಂಜಿನ್ ಈ ಮೂರಕ್ಕೆ ಹಂಚಿಹೋಗುತ್ತದೆ. ಶತ್ರು ಬೆನ್ನು ಹತ್ತಿದಾಗ ಬಂದೂಕಿನ ಪಾಲು ಕಿತ್ತು ಇಂಜಿನ್ನಿಗೆ ಕೊಟ್ಟು ಓಡುತ್ತೀರಿ. ತಪ್ಪಿಸಿಕೊಂಡು ತಿರುಗಿ ನಿಂತಾಗ ಹೊಡೆಯಲು ಶಕ್ತಿ ಇರುವುದಿಲ್ಲ. ಕವಚಕ್ಕೂ ನಾಲ್ಕು ದಿಕ್ಕಿನಲ್ಲಿ ನಾಲ್ಕು ಭಾಗ. ಹಿಂದಿನದು ಸವೆದಿದ್ದರೆ ‘ಕ್ಯೂ’ ಒತ್ತಿ ಉಳಿದವುಗಳಿಂದ ಎರವಲು ತರಬಹುದು, ಆದರೆ ಆಗ ಆ ಮೂರೂ ತೆಳ್ಳಗಾಗುತ್ತವೆ. ‘ಎಂ’ ಒತ್ತಿದರೆ ಗುರಿಯ ವೇಗಕ್ಕೆ ನಿಮ್ಮ ವೇಗ ತಾನಾಗಿ ಹೊಂದಿಕೊಳ್ಳುತ್ತದೆ. ಹೊಸಬರು ಮೊದಲು ಕಲಿಯಬೇಕಾದ ಕೀಲಿ ಇದೇ. ಇಲ್ಲದಿದ್ದರೆ ಶತ್ರುವನ್ನು ದಾಟಿ ಮುಂದೆ ಹೋಗಿ, ಅವನ ಬಾಯಿಗೇ ಬೀಳುತ್ತೀರಿ. ಒಂದು ಕಿರಿಕಿರಿ: ವಿದ್ಯುತ್ ಹಂಚುವ ಕೆಲಸ ಇನ್ಸರ್ಟ್, ಹೋಮ್, ಪೇಜ್ ಅಪ್ ಮುಂತಾದ ಕೀಲಿಗಳಲ್ಲಿದೆ. ಎಷ್ಟೋ ಲ್ಯಾಪ್‌ಟಾಪಿನಲ್ಲಿ ಅವು ಮೂಲೆಯಲ್ಲಿ ಅಡಗಿರುತ್ತವೆ. ಮೊದಲ ದಿನವೇ ಅವನ್ನು ಕೈಗೆಟುಕುವ ಕಡೆ ಬದಲಿಸಿಕೊಳ್ಳಿ.

ಈ ಆಟದ ದೊಡ್ಡ ಗುಣವೆಂದರೆ ಅದು ನಿಮ್ಮನ್ನು ಸಣ್ಣವರನ್ನಾಗಿ ಮಾಡುವುದು. ನೀವು ಓಡಿಸುವುದು ಪುಟ್ಟ ಫೈಟರ್. ಸುತ್ತ ಕಿಲೋಮೀಟರ್‌ಗಟ್ಟಲೆ ಉದ್ದದ ಹಡಗುಗಳು ಒಂದರ ಮೇಲೊಂದು ಬೆಳಕಿನ ಕಂಬಗಳನ್ನು ಹಾಯಿಸುತ್ತಿರುತ್ತವೆ. ಆ ಕಂಬಕ್ಕೆ ಅಡ್ಡ ಸಿಕ್ಕರೆ ಕಥೆ ಮುಗಿಯಿತು. ಆ ಹಡಗನ್ನು ಒಬ್ಬರೇ ಒಡೆಯುವ ಮಾತಿಲ್ಲ. ಅದರ ಒಂದು ತೋಪನ್ನು ಕೆಡಿಸುವುದೋ, ನಮ್ಮ ಬಾಂಬರುಗಳು ತಲುಪುವವರೆಗೆ ಕಾವಲು ಕಾಯುವುದೋ ನಿಮ್ಮ ಪಾಲಿನ ಕೆಲಸ. ಎಲ್ಲಿಂದಲೋ ಬಂದು ಕಂಡದ್ದನ್ನೆಲ್ಲ ನಾಶ ಮಾಡುವ ಶತ್ರುಕುಲಕ್ಕೆ ಇಲ್ಲಿ ‘ಶಿವನ್’ ಎಂದು ಹೆಸರು, ಲಯಕರ್ತ ಶಿವನದೇ. ಅವರ ಭಾರೀ ಯುದ್ಧನೌಕೆಗಳ ಒಂದು ಬಗೆ ‘ರಾವಣ’, ಕ್ರೂಸರ್ ‘ರಾಕ್ಷಸ’. ರಾವಣವಧೆ ಎಂಬ ಅರ್ಥದ ಹೆಸರಿರುವ ಕಾರ್ಯಾಚರಣೆಯೇ ಒಂದಿದೆ. ಅಮೆರಿಕದ ಇಲಿನಾಯ್ಸಿನಲ್ಲಿ ಕೂತು ಈ ಹೆಸರಿಟ್ಟವರಿಗೆ ರಾವಣ ಪರಮ ಶಿವಭಕ್ತನೆಂಬುದು ಗೊತ್ತಿತ್ತೋ ಏನೋ, ಪಕ್ಷವನ್ನಂತೂ ಸರಿಯಾಗಿಯೇ ಹಿಡಿದಿದ್ದಾರೆ.

ಆಟ ಆಗ ಹೆಚ್ಚು ಮಾರಾಟವಾಗಲಿಲ್ಲ. ಆದರೆ ತಯಾರಕ ಕಂಪನಿ ವೊಲಿಷನ್ 2002ರಲ್ಲಿ ಅದರ ಮೂಲ ಸಂಕೇತವನ್ನು ಬಿಟ್ಟುಕೊಟ್ಟಿತು. ಅಭಿಮಾನಿಗಳು ಅಂದಿನಿಂದ ‘ಫ್ರೀಸ್ಪೇಸ್ ಓಪನ್’ ಹೆಸರಿನಲ್ಲಿ ಅದನ್ನು ತಿದ್ದಿ ತೀಡುತ್ತ, ಹೊಸ ಕಥೆಗಳನ್ನು ಜೋಡಿಸುತ್ತ ಬಂದಿದ್ದಾರೆ. 2023ರಲ್ಲಿ ವೊಲಿಷನ್ ಬಾಗಿಲು ಮುಚ್ಚಿತು. ಆಟ ನಡೆದೇ ಇದೆ. ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮೂಲ ಆಟವನ್ನು ಕೊಂಡು, ಮೇಲೆ ಓಪನ್ ಹಾಕಿಕೊಳ್ಳಿ. ಇದೇ ಇಂಜಿನ್ನಿನ ಮೇಲೆ ಕಟ್ಟಿದ ‘ವಿಂಗ್ ಕಮಾಂಡರ್ ಸಾಗಾ’, ‘ಡಯಾಸ್ಪೊರಾ’ ಎರಡೂ ಪುಕ್ಕಟೆ.

ಇನ್ನೊಂದು ವಿಷಯ ನೀವೇ ತೀರ್ಮಾನಿಸಬೇಕು. ಸಿನಿಮಾದ ಬಾಹ್ಯಾಕಾಶ ನಿಜವಾದ ಬಾಹ್ಯಾಕಾಶವಲ್ಲ, ಎರಡನೇ ಮಹಾಯುದ್ಧದ ಆಕಾಶ. ‘ಸ್ಟಾರ್ ವಾರ್ಸ್’ ಸಂಕಲನದ ವೇಳೆ ಜಾರ್ಜ್ ಲ್ಯೂಕಸ್ ಹಳೆಯ ಯುದ್ಧವಿಮಾನಗಳ ತುಣುಕುಗಳನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು. ‘ಎಕ್ಸ್-ವಿಂಗ್’ (1993), ‘ಟೈ ಫೈಟರ್’ (1994) ಆಟಗಳನ್ನು ಮಾಡಿದ ಲಾರೆನ್ಸ್ ಹಾಲಂಡ್ ಅದಕ್ಕೆ ಮುಂಚೆ ಮಾಡುತ್ತಿದ್ದುದೂ ಅದೇ ಮಹಾಯುದ್ಧದ ವಿಮಾನಗಳ ಆಟಗಳನ್ನು. ಇಂಥ ಆಟಗಳಲ್ಲಿ ನೌಕೆ ಗಾಳಿಯಲ್ಲಿರುವಂತೆ ವಾಲಿ ತಿರುಗುತ್ತದೆ, ಇಂಜಿನ್ ತಗ್ಗಿಸಿದರೆ ನಿಧಾನವಾಗುತ್ತದೆ. ಇದರಲ್ಲಿ ತಪ್ಪೇನಿಲ್ಲ, ಹೊಡೆದಾಟಕ್ಕೆ ಇದೇ ಚೆನ್ನ. ನಿಮಗೆ ಸಿನಿಮಾದ ರುಚಿಯೇ ಬೇಕೆಂದರೆ 2020ರ ‘ಸ್ಟಾರ್ ವಾರ್ಸ್: ಸ್ಕ್ವಾಡ್ರನ್ಸ್’ ಚಿಕ್ಕದು, ಚೊಕ್ಕದು. ಅದರಲ್ಲೂ ವಿದ್ಯುತ್ ಹಂಚಬೇಕು, ಟೈ ಫೈಟರ್ ನೌಕೆಗಂತೂ ಕವಚವೇ ಇಲ್ಲ.

ಗಾಳಿಯಿಲ್ಲದ ಕಡೆ ತಳ್ಳಿದ್ದು ಹೋಗುತ್ತಲೇ ಇರುತ್ತದೆ. ಅದನ್ನು ಅನುಭವಿಸಬೇಕಾದರೆ 2014ರ ‘ಎಲೀಟ್ ಡೇಂಜರಸ್’ ಇದೆ; 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ 32 ಕಿಲೋಬೈಟ್ ಸ್ಮೃತಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಎಂಟು ಗ್ಯಾಲಕ್ಸಿ ತುಂಬಿಸಿದ ‘ಎಲೀಟ್’ ಆಟದ ಸಂತಾನ. ಇಲ್ಲಿ ಫ್ಲೈಟ್ ಅಸಿಸ್ಟ್ ಎಂಬ ನೆರವನ್ನು ಬಂದ್ ಮಾಡಿದರೆ ನೌಕೆ ಹೋಗುತ್ತಿದ್ದ ದಿಕ್ಕಿಗೇ ಜಾರುತ್ತಿರುತ್ತದೆ, ನೀವು ಮೂತಿ ಮಾತ್ರ ಹಿಂದಕ್ಕೆ ತಿರುಗಿಸಿ ಬೆನ್ನಟ್ಟಿದವನ ಮುಖಕ್ಕೇ ಹೊಡೆಯಬಹುದು. ಕೇಳಲು ಸುಲಭ. ಮೊದಮೊದಲು ನಿಮ್ಮ ನೌಕೆ ಬುಗುರಿಯಂತೆ ಗಿರಕಿ ಹೊಡೆಯುತ್ತದೆ. ಆದರೆ ಇದು ಸಮಯ ನುಂಗುವ ಆಟ. ಸರಕು ಸಾಗಣೆ, ದೂರ ಪ್ರಯಾಣಗಳ ನಡುವೆ ಕಾಳಗ ಅಲ್ಲೊಂದು ಇಲ್ಲೊಂದು. ಹಸಿ ಭೌತಶಾಸ್ತ್ರವೇ ಬೇಕೆನ್ನುವವರಿಗೆ 2016ರ ‘ಚಿಲ್ಡ್ರನ್ ಆಫ್ ಎ ಡೆಡ್ ಅರ್ತ್’. ಅದರಲ್ಲಿ ಕಾಕ್‌ಪಿಟ್ಟೇ ಇಲ್ಲ, ಕಕ್ಷೆಗಳ ಲೆಕ್ಕ ಮಾತ್ರ. ಶೂನ್ಯದಲ್ಲಿ ಶಾಖವನ್ನು ವಿಕಿರಣದಿಂದಲೇ ಹೊರಹಾಕಬೇಕಾದ್ದರಿಂದ ಹಡಗಿಗೆ ದೊಡ್ಡ ದೊಡ್ಡ ರೇಡಿಯೇಟರು, ಅವೇ ಶತ್ರುವಿಗೆ ಸುಲಭದ ಗುರಿ. ‘ಸ್ಟಾರ್ ಸಿಟಿಜನ್’ ಬಗ್ಗೆ ಕೇಳಿರುತ್ತೀರಿ. 2012ರಲ್ಲಿ ಜನರಿಂದ ಹಣ ಎತ್ತಿ ಶುರುವಾದ ಆ ಆಟ ಹನ್ನೆರಡು ವರ್ಷ ಕಳೆದ ಮೇಲೂ ಆಲ್ಫಾ ಹಂತದಲ್ಲೇ, ಅಂದರೆ ಅರೆಬೆಂದ ಸ್ಥಿತಿಯಲ್ಲೇ ಇತ್ತು. ನಿಮ್ಮ ಲ್ಯಾಪ್‌ಟಾಪಿಗೆ ಅದು ಬೇಡ.

ಶಾಖದ ಮಾತು ಬಂತಲ್ಲ, ಮೆಕ್ ಆಟಗಳ ಜೀವಾಳವೇ ಅದು. ಮೆಕ್‌ವಾರಿಯರ್ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ. 1984ರಲ್ಲಿ ಫಾಸಾ ಎಂಬ ಕಂಪನಿ ದಾಳ ಉರುಳಿಸಿ ಆಡುವ ‘ಬ್ಯಾಟಲ್‌ಡ್ರಾಯಿಡ್ಸ್’ ತಂದಿತು. ಡ್ರಾಯಿಡ್ ಪದ ತಮ್ಮದೆಂದು ಸ್ಟಾರ್ ವಾರ್ಸ್‌ನವರು ತಕರಾರು ತೆಗೆದ ಮೇಲೆ ಅದು ‘ಬ್ಯಾಟಲ್‌ಟೆಕ್’ ಆಯಿತು. ಯಾವ ಆಯುಧ ಎಷ್ಟು ಟನ್, ಎಷ್ಟು ಶಾಖ ಎಂಬುದನ್ನೆಲ್ಲ ಆಟಗಾರರು ಪೆನ್ಸಿಲ್ ಹಿಡಿದು ಕಾಗದದ ಮೇಲೆ ಬರೆದಿಡುತ್ತಿದ್ದರು. 1989ರಲ್ಲಿ ಮೊದಲ ಮೆಕ್‌ವಾರಿಯರ್ ಬಂದಾಗ ಆ ಲೆಕ್ಕದ ಪುಸ್ತಕವೂ ಜತೆಗೆ ಬಂತು, ಇವತ್ತಿಗೂ ಹೋಗಿಲ್ಲ.

2019ರ ಮೆಕ್‌ವಾರಿಯರ್ 5ರಲ್ಲಿ ಅದು ಹೇಗೆ ಕಾಣುತ್ತದೆ ನೋಡಿ. ನೀವು ಬಾಡಿಗೆ ಸೈನಿಕರ ತಂಡದ ನಾಯಕ. ಮೆಕ್‌ಗಳು 20 ಟನ್ನಿನಿಂದ 100 ಟನ್ನಿನವರೆಗೆ. ಕಾಲು ಒಂದು ದಿಕ್ಕಿಗೆ ನಡೆಯುತ್ತಿರುತ್ತದೆ, ಸೊಂಟದ ಮೇಲಿನ ಭಾಗ ಇನ್ನೊಂದು ದಿಕ್ಕಿಗೆ ತಿರುಗಿ ಗುರಿ ಹಿಡಿಯುತ್ತದೆ. ಎದುರಿಗೆ ತಲೆಬುರುಡೆಯಂಥ ಮುಖದ 100 ಟನ್ನಿನ ಅಟ್ಲಾಸ್ ಬಂತು ಅಂದುಕೊಳ್ಳಿ. ಇದ್ದಬದ್ದ ಲೇಸರುಗಳನ್ನೆಲ್ಲ ಒಟ್ಟಿಗೆ ಹಾರಿಸುತ್ತೀರಿ; ಶಾಖದ ಮುಳ್ಳು ಮೇಲೇರುತ್ತದೆ; ಇನ್ನೊಮ್ಮೆ ಹಾರಿಸಿದರೆ ಯಂತ್ರ ತಾನಾಗಿ ಬಂದ್ ಆಗಿ, ಅಟ್ಲಾಸಿನ ಮುಂದೆ ನೀವು ಕಂಬದ ಹಾಗೆ ನಿಲ್ಲುತ್ತೀರಿ. ಅನುಭವಿಗಳು ಹೀಗೆ ಮಾಡುವುದಿಲ್ಲ. ಒಂದು ಸುತ್ತು ಹೊಡೆದು, ಲೇಸರ್ ಮತ್ತೆ ಸಜ್ಜಾಗುವ ಹೊತ್ತಿನಲ್ಲಿ ಎದೆಯನ್ನು ಪಕ್ಕಕ್ಕೆ ತಿರುಗಿಸಿ, ಬರುವ ಏಟನ್ನು ತೋಳಿಗೆ ಹಾಕಿಸಿಕೊಳ್ಳುತ್ತಾರೆ. ತೋಳು ಹೋದರೆ ಅದರಲ್ಲಿದ್ದ ಆಯುಧ ಮಾತ್ರ ಹೋಗುತ್ತದೆ. ಎದೆಯ ನಡುಭಾಗ ಹೋದರೆ ಮೆಕ್ಕೇ ಹೋಯಿತು. ಸುಡುವ ಮರುಭೂಮಿಯ ಗ್ರಹದಲ್ಲಿ ಶಾಖ ಇಳಿಯುವುದು ನಿಧಾನ, ಹಿಮದ ಗ್ರಹದಲ್ಲಿ ಬೇಗ. ಹೀಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಹವಾಮಾನವನ್ನೂ ನೋಡುತ್ತೀರಿ.

ಗೆದ್ದ ಮೇಲೆ ಬರುವ ಲೆಕ್ಕವೇ ನನಗೆ ಕಾಳಗಕ್ಕಿಂತ ಇಷ್ಟ. ಮುರಿದ ಕೈ, ಕರಗಿದ ಕವಚ, ಪೈಲಟ್‌ಗಳ ಸಂಬಳ, ಅವರ ಗಾಯ ಮಾಯಲು ಬೇಕಾದ ದಿನಗಳು. ಎಷ್ಟೋ ಗೆಲುವು ನಷ್ಟದ ಬಾಬ್ತೇ. ಕಥೆ ಮಾತ್ರ ಸಪ್ಪೆ. ಬಿಗಿಯಾದ ಕಥೆ ಬೇಕಿದ್ದರೆ 2024ರ ‘ಮೆಕ್‌ವಾರಿಯರ್ 5: ಕ್ಲ್ಯಾನ್ಸ್’ ಇದೆ, ಅದಕ್ಕೆ ಇನ್ನೂ ಗಟ್ಟಿ ಕಂಪ್ಯೂಟರ್ ಬೇಕು. ಕಾಸು ಬಿಚ್ಚದೆ ಒಂದು ಕೈ ನೋಡಲು 2013ರ ‘ಮೆಕ್‌ವಾರಿಯರ್ ಆನ್‌ಲೈನ್’ ಉಚಿತ. ಎದುರಾಳಿಗಳು ವರ್ಷಗಟ್ಟಲೆ ಪಳಗಿದವರು, ಮೊದಮೊದಲು ಸಾಯುವುದೇ ಕಸುಬು. 2023ರ ‘ಆರ್ಮರ್ಡ್ ಕೋರ್ 6’ ಸೊಗಸಾದ ಆಟ, ಆದರೆ ಅಲ್ಲಿ ಮೆಕ್ ಮಿಂಚುಹುಳದಂತೆ ಹಾರಾಡುತ್ತದೆ. ನೀವು ಕೇಳಿದ ತೂಕ ಅದರಲ್ಲಿಲ್ಲ.

ಇನ್ನು ಜಾಯ್‌ಸ್ಟಿಕ್. ಮೆಕ್‌ವಾರಿಯರಿಗೆ ಬೇಡವೇ ಬೇಡ. ಒಂದು ಕೈ ಕೀಲಿಮಣೆಯಲ್ಲಿ ಕಾಲು ನಡೆಸುತ್ತದೆ, ಇನ್ನೊಂದು ಕೈ ಮೌಸಿನಲ್ಲಿ ಗುರಿ ಹಿಡಿಯುತ್ತದೆ; ನಿಖರತೆಯಲ್ಲಿ ಮೌಸನ್ನು ಮೀರಿಸುವುದು ಕಷ್ಟ. ಸ್ಕ್ವಾಡ್ರನ್ಸ್‌ಗೆ ಮಾಮೂಲಿ ಗೇಮ್‌ಪ್ಯಾಡ್ ಸಾಕು. ಫ್ರೀಸ್ಪೇಸನ್ನು ಮೌಸಿನಲ್ಲೂ ಆಡಬಹುದು, ಆದರೆ ಅದು ಜಾಯ್‌ಸ್ಟಿಕ್ಕಿಗೆಂದೇ ಹುಟ್ಟಿದ ಆಟ. ಶುರುವಿನ ಕೆಲವು ಕಾರ್ಯಾಚರಣೆ ಇರುವುದರಲ್ಲೇ ಆಡಿ. ರುಚಿ ಹತ್ತಿದರೆ ಸರಳವಾದ ಒಂದನ್ನು ಕೊಳ್ಳಿ. ಎರಡು ಕೈಗೂ ಬೇರೆ ಬೇರೆ ಹಿಡಿಕೆಯಿರುವ ದುಬಾರಿ ಜೋಡಿಗೆ ಈಗಲೇ ಹೋಗಬೇಡಿ. ಅಂಗಡಿಯಲ್ಲಿ ಒಂದನ್ನು ಮರೆಯದೆ ನೋಡಿ: ಹಿಡಿಕೆಯನ್ನು ಬಾಗಿಸುವುದಷ್ಟೇ ಅಲ್ಲ, ಎಡಕ್ಕೂ ಬಲಕ್ಕೂ ತಿರುಚಲೂ ಬರಬೇಕು. ಮೂರನೆಯ ಆ ಚಲನೆ ಇಲ್ಲದಿದ್ದರೆ ನೌಕೆಯನ್ನು ಉರುಳಿಸಲು ಮತ್ತೆ ಕೀಲಿಮಣೆಗೇ ಕೈ ಹಾಕಬೇಕಾಗುತ್ತದೆ. ಬುಡ ಭಾರವಾಗಿರಲಿ, ಇಲ್ಲವೇ ಅಡಿಯಲ್ಲಿ ರಬ್ಬರಾದರೂ ಇರಲಿ; ಹಗುರವಾದದ್ದು ಜೋರಾಗಿ ಎಳೆದಾಗ ಮೇಜಿನಿಂದ ಎದ್ದು ಬರುತ್ತದೆ.