ಹಾರ್ಡ್ ಡಿಸ್ಕಿನ ತಪಾಸಣೆ

ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಪೆಟ್ಟಿಗೆಯು ಇಂದು ಅನೇಕ ಮನೆಗಳ ಕಪಾಟಿನಲ್ಲಿರುತ್ತದೆ. ಗಣಕಯಂತ್ರಕ್ಕೆ ಹೊರಗಿನಿಂದ ತಂತಿಯ ಮೂಲಕ ಜೋಡಿಸುವ ಇದಕ್ಕೆ ಬಾಹ್ಯ ಹಾರ್ಡ್ ಡಿಸ್ಕ್ ಎಂದು ಹೆಸರು. ಮದುವೆಯ ಚಿತ್ರಗಳು, ಜಮೀನಿನ ಕಾಗದಪತ್ರಗಳ ಪ್ರತಿಗಳು, ಮಕ್ಕಳ ಅಂಕಪಟ್ಟಿಗಳು, ಈಗ ಬದುಕಿಲ್ಲದ ಅಜ್ಜಿಯೊಬ್ಬರು ಹಿಂದೆಂದೋ ಹಾಡಿದ ಸೋಬಾನೆ ಪದಗಳು, ಇವೆಲ್ಲವೂ ಅದರೊಳಗೆ ಅಡಗಿರಬಹುದು. ಒಂದು ದಿನ ಅದನ್ನು ಜೋಡಿಸಿದಾಗ ಎಂದಿನಂತೆ ಕೂಡಲೆ ತೆರೆದುಕೊಳ್ಳದೆ ತಡವರಿಸುತ್ತದೆ. ಒಂದೆರಡು ಚಿತ್ರಗಳು ಅರ್ಧ ಮಾತ್ರ ಕಾಣಿಸಿ ಉಳಿದರ್ಧ ಬೂದುಬಣ್ಣಕ್ಕೆ ತಿರುಗುತ್ತವೆ. ಗಣಕಯಂತ್ರದ ವಿಷಯದಲ್ಲಿ ಹೊಸಬರಾದವರು ಆಗ ಏನು ಮಾಡಬೇಕು? ಡಿಸ್ಕಿನ ದೋಷಗಳನ್ನು ಪರೀಕ್ಷಿಸುವ ಸಾಧನವು ಗಣಕಯಂತ್ರದಲ್ಲಿಯೇ ಉಂಟು. ಆದರೆ ಅದನ್ನು ಯಾವ ಹೊತ್ತಿನಲ್ಲಿ, ಯಾವ ಕೆಲಸದ ನಂತರ ಬಳಸಬೇಕೆಂಬುದನ್ನು ಅರಿಯದಿದ್ದರೆ ಪರೀಕ್ಷೆಯೇ ನಷ್ಟಕ್ಕೆ ಕಾರಣವಾಗುವುದುಂಟು.

ಮೊದಲು ಈ ಪೆಟ್ಟಿಗೆಯ ಒಳಗಣ ಏರ್ಪಾಟನ್ನು ತಿಳಿದುಕೊಳ್ಳೋಣ. ಕಾಂತೀಯ ಲೇಪನವುಳ್ಳ ನುಣುಪಾದ ತಟ್ಟೆಗಳು ಅದರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತುಗಳ ವೇಗದಲ್ಲಿ ತಿರುಗುತ್ತವೆ. ಓದುವ ಮತ್ತು ಬರೆಯುವ ಪುಟ್ಟ ಮುಖವೊಂದು ತಟ್ಟೆಯನ್ನು ಮುಟ್ಟದೆ, ಅದರ ಮೇಲೆ ಹಾರಾಡುತ್ತಿರುತ್ತದೆ. ಮನುಷ್ಯನ ಒಂದು ತಲೆಗೂದಲನ್ನು ಹತ್ತು ಸಾವಿರ ಪದರಗಳಾಗಿ ಸೀಳಲು ಸಾಧ್ಯವಾದರೆ, ಅಂತಹ ಒಂದು ಪದರದ ದಪ್ಪವೆಷ್ಟೋ ಹೆಚ್ಚುಕಡಿಮೆ ಅಷ್ಟೇ ಅಂತರ ಅವೆರಡರ ನಡುವೆ ಇರುತ್ತದೆ. ತಿರುಗುತ್ತಿರುವಾಗ ಪೆಟ್ಟಿಗೆಯು ಮೇಜಿನಿಂದ ಜಾರಿ ಬಿದ್ದರೆ ಏನಾದೀತೆಂಬುದನ್ನು ಇದರಿಂದ ಊಹಿಸಬಹುದು. ಇಂತಹ ಯಂತ್ರಗಳಲ್ಲಿ ಮೊದಲನೆಯದನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಅಮೆರಿಕದಲ್ಲಿ ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಭಾರಿ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲ್ ಫೋನಿನಲ್ಲಿ ತೆಗೆದ ಒಂದೇ ಚಿತ್ರವು ಎಷ್ಟೋ ಸಲ ಅಷ್ಟು ಸ್ಥಳವನ್ನು ಬೇಡುತ್ತದೆ.

ತಟ್ಟೆಯ ಮೇಲ್ಮೈಯನ್ನು ಸೆಕ್ಟರ್ ಎಂಬ ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿರುತ್ತಾರೆ. ಒಂದು ಟೆರಾಬೈಟ್ ಸಾಮರ್ಥ್ಯದ ಈಚಿನ ಡಿಸ್ಕಿನಲ್ಲಿ, ತುಂಡೊಂದಕ್ಕೆ 4,096 ಬೈಟುಗಳಂತೆ, 24 ಕೋಟಿಗೂ ಹೆಚ್ಚು ತುಂಡುಗಳಿರುತ್ತವೆ. ಇಷ್ಟೊಂದು ತುಂಡುಗಳನ್ನು ಇಷ್ಟು ವೇಗದಲ್ಲಿ ಓದುವಾಗ ತಪ್ಪುಗಳಾಗದೆ ಇರುತ್ತವೆಯೆ? ಆಗುತ್ತಲೇ ಇರುತ್ತವೆ; ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೆ. ಇದರ ಹಿಂದೆ ಒಂದು ಸ್ವಾರಸ್ಯಕರವಾದ ಕಥೆಯುಂಟು. 1947ರ ಸುಮಾರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞನು ವಾರದ ಕೊನೆಯಲ್ಲಿ ತನ್ನ ಲೆಕ್ಕಗಳನ್ನು ಅಲ್ಲಿನ ಗಣಕಯಂತ್ರಕ್ಕೆ ಒಪ್ಪಿಸಿ ಮನೆಗೆ ಹೋಗುತ್ತಿದ್ದನು. ನಡುವೆ ತಪ್ಪೊಂದು ಕಂಡರೆ ಯಂತ್ರವು ಆ ಲೆಕ್ಕವನ್ನು ಅಲ್ಲಿಗೇ ಕೈಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಎರಡು ವಾರ ಹೀಗೆಯೇ ಆದಾಗ ಅವನಿಗೆ ರೇಗಿತು. ತಪ್ಪಾಗಿದೆಯೆಂದು ಅರಿಯಬಲ್ಲ ಯಂತ್ರವು ತಪ್ಪು ಎಲ್ಲಿದೆಯೆಂದು ಕಂಡು ತಾನೇ ಏಕೆ ತಿದ್ದಿಕೊಳ್ಳಬಾರದು ಎಂದು ಅವನು ಯೋಚಿಸಿದನು. ಆ ಯೋಚನೆಯ ಫಲವಾದ ತಿದ್ದುವ ಸಂಕೇತಗಳನ್ನು 1950ರಲ್ಲಿ ಪ್ರಕಟಿಸಿದನು. ಇಂದಿನ ಡಿಸ್ಕುಗಳು ಅದಕ್ಕಿಂತಲೂ ಬಲವಾದ ಸಂಕೇತಗಳನ್ನು ಬಳಸಿ ತಮ್ಮ ತಪ್ಪುಗಳನ್ನು ಕ್ಷಣಕ್ಷಣವೂ ತಿದ್ದಿಕೊಳ್ಳುತ್ತವೆ. ಆದುದರಿಂದ ಒಂದು ಚಿತ್ರವು ಅರ್ಧ ಮಾತ್ರ ತೆರೆದುಕೊಂಡರೆ, ಡಿಸ್ಕು ತನ್ನಿಂದಾದ ಪ್ರಯತ್ನವನ್ನೆಲ್ಲ ಮಾಡಿ ಸೋತಿರಬಹುದೆಂದು ಶಂಕಿಸಬೇಕಾಗುತ್ತದೆ.

ಡಿಸ್ಕಿನ ದೋಷಗಳು ಎರಡು ಬಗೆ. ಇದನ್ನು ತಿಳಿಯಲು ಒಂದು ಗ್ರಂಥಾಲಯವನ್ನು ನೆನೆಯಬಹುದು. ಪುಸ್ತಕಗಳೆಲ್ಲ ಚೆನ್ನಾಗಿಯೇ ಇದ್ದು, ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಬರೆದಿಡುವ ದಾಖಲೆ ಪುಸ್ತಕದಲ್ಲಿ ಮಾತ್ರ ತಪ್ಪುಗಳಾಗಿರಬಹುದು. ಕೆಲಸದ ನಡುವೆ ತಂತಿಯನ್ನು ಹಠಾತ್ತನೆ ಕಿತ್ತರೆ, ಇಲ್ಲವೆ ವಿದ್ಯುತ್ತು ನಿಂತುಹೋದರೆ ಆಗುವುದು ಹೆಚ್ಚಾಗಿ ಇದೇ. ದಾಖಲೆಯನ್ನು ಸರಿಪಡಿಸಿದರೆ ಸಾಕು, ಡಿಸ್ಕನ್ನು ಮೊದಲಿನಂತೆ ಬಳಸಬಹುದು. ಎರಡನೆಯದು ಪುಸ್ತಕಕ್ಕೇ ಗೆದ್ದಲು ಹಿಡಿದಂತೆ; ತಟ್ಟೆಯ ಮೇಲ್ಮೈಯೇ ಕೆಟ್ಟಿರುತ್ತದೆ, ಅಥವಾ ಓದುವ ಮುಖವು ಸವೆದಿರುತ್ತದೆ. ಇದಕ್ಕೆ ನಿಜವಾದ ರಿಪೇರಿಯಿಲ್ಲ. ಮೇಲುನೋಟಕ್ಕೆ ಎರಡೂ ಒಂದೇ ರೀತಿ ತೋರುವುದರಿಂದಲೇ ತೊಡಕು.

ವಿಂಡೋಸ್ ಗಣಕಯಂತ್ರದಲ್ಲಿ ಚೆಕ್‌ಡಿಸ್ಕ್ ಎಂಬ ಹಳೆಯ ಸಾಧನವಿದೆ. ಹೆಸರನ್ನು ಕೇಳಿದರೆ ಇದು ಬರಿಯ ಪರೀಕ್ಷೆ ಎಂದು ತೋರುತ್ತದೆ. ಡಿಸ್ಕಿನ ಗುರುತಿನ ಅಕ್ಷರವನ್ನು ಮಾತ್ರ ಸೇರಿಸಿ ಆಜ್ಞೆ ಕೊಟ್ಟರೆ ಅದು ಓದಿ ವರದಿ ಒಪ್ಪಿಸುವುದೂ ನಿಜ. ಆದರೆ ಓರೆಗೆರೆಯೊಡನೆ ‘ಎಫ್’ ಅಕ್ಷರವನ್ನು ಸೇರಿಸಿದರೆ ದಾಖಲೆಯನ್ನು ತಿದ್ದಿ ಬರೆಯುತ್ತದೆ. ‘ಆರ್’ ಸೇರಿಸಿದರೆ ಅದರ ಜೊತೆಗೆ ಪ್ರತಿಯೊಂದು ಸೆಕ್ಟರನ್ನೂ ಓದಿ ನೋಡಿ, ಕೆಟ್ಟವನ್ನು ಗುರುತಿಸಿಡುತ್ತದೆ. ತಿದ್ದುವಾಗ ಈ ಸಾಧನಕ್ಕೆ ಮುಖ್ಯವಾದುದು ದಾಖಲೆಯ ಅಚ್ಚುಕಟ್ಟು. ಲೆಕ್ಕಕ್ಕೆ ಸಿಗದ ಕಡತಗಳ ಚೂರುಗಳನ್ನು ಅದು ಹೆಸರು ಕಳೆದು ಬೇರೆಡೆಗೆ ಒಟ್ಟಬಹುದು, ಅಥವಾ ತೆಗೆದೇ ಹಾಕಬಹುದು. ಅಜ್ಜಿಯ ಹಾಡು ಅದಕ್ಕೆ ಗೊತ್ತಿಲ್ಲ. ಗೆದ್ದಲು ಹಿಡಿದ ಡಿಸ್ಕಿನ ಮೇಲೆ ‘ಆರ್’ ಪರೀಕ್ಷೆಯನ್ನು ನಡೆಸುವುದಂತೂ ಕಾಯಿಲೆಯವನನ್ನು ಬೆಟ್ಟ ಹತ್ತಿಸಿ ಆರೋಗ್ಯವನ್ನು ಅಳೆದ ಹಾಗೆ. ಸೆಕೆಂಡಿಗೆ ನೂರು ಮೆಗಾಬೈಟ್ ವೇಗದಲ್ಲಿ ಓದಿದರೂ ಒಂದು ಟೆರಾಬೈಟಿಗೆ ಸುಮಾರು ಮೂರು ಗಂಟೆ ಬೇಕು; ಕೆಟ್ಟ ಸೆಕ್ಟರುಗಳಿದ್ದರೆ ದಿನಗಳೇ ಹಿಡಿಯಬಹುದು. ಉಳಿದಿದ್ದ ಅಲ್ಪ ಆಯುಸ್ಸು ಅದರಲ್ಲಿಯೇ ಕಳೆದುಹೋಗುತ್ತದೆ.

ಆದುದರಿಂದ ಹೊಸಬರು ಮೊದಲು ಮಾಡಬೇಕಾದ ಕೆಲಸವೆಂದರೆ ಕಿವಿಗೊಟ್ಟು ಆಲಿಸುವುದು. ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಬರುತ್ತಿದ್ದರೆ ಬೇರೆ ತಂತಿಯಲ್ಲಿ, ಬೇರೆ ಕಿಂಡಿಯಲ್ಲಿ ಒಮ್ಮೆ ಜೋಡಿಸಿ ನೋಡಬೇಕು. ವಿದ್ಯುತ್ತು ಸಾಲದಿದ್ದರೂ ಹಾಗಾಗುವುದುಂಟು. ಆಗಲೂ ಸದ್ದು ನಿಲ್ಲದಿದ್ದರೆ ಕಳಚಿಡಬೇಕು. ಡಿಸ್ಕನ್ನು ಶೈತ್ಯಪೆಟ್ಟಿಗೆಯಲ್ಲಿಡಿ ಎಂದೋ, ತಟ್ಟಿ ನೋಡಿ ಎಂದೋ ಸಲಹೆ ಕೊಡುವ ನೆರೆಹೊರೆಯವರಿಗೆ ಕೊರತೆಯಿಲ್ಲ. ಅವರಿಗೆ ನಮಸ್ಕಾರ ಹೇಳಿ, ಧೂಳಿಲ್ಲದ ಕೋಣೆಯಲ್ಲಿ ಇಂತಹ ಪೆಟ್ಟಿಗೆಗಳನ್ನು ಬಿಚ್ಚುವ ಪರಿಣತರ ಬಳಿಗೆ ಹೋಗುವುದು ಲೇಸು. ಅದಕ್ಕೆ ತಗಲುವ ವೆಚ್ಚ ಮಾತ್ರ ಹೆಚ್ಚು. ಸದ್ದಿಲ್ಲದೆ ಡಿಸ್ಕು ತೆರೆದುಕೊಂಡರೆ ತಡಮಾಡದೆ ಬೇರೊಂದು ಡಿಸ್ಕಿಗೆ ನಕಲು ತೆಗೆಯತಕ್ಕದ್ದು. ಮತ್ತೆ ದೊರೆಯಲಾರದುದನ್ನು ಮೊದಲು ನಕಲು ಮಾಡಿ, ಸಿನಿಮಾಗಳನ್ನು ಕೊನೆಗೆ ಉಳಿಸಿಕೊಳ್ಳಬಹುದು. ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ಗಣಕಯಂತ್ರವು ಸೂಚಿಸಿದರೆ ಎಂದಿಗೂ ಒಪ್ಪಕೂಡದು. ದಾಖಲೆಯನ್ನು ಓದಲಾಗುತ್ತಿಲ್ಲ ಎಂಬುದಷ್ಟೇ ಆ ಮಾತಿನ ಅರ್ಥ.

ನಕಲು ಕೈಗೆ ಬಂದ ಮೇಲೆ ಪರೀಕ್ಷೆಗೆ ತೊಡಗಬಹುದು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಅದಕ್ಕೆ ಸ್ಮಾರ್ಟ್ ವರದಿ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬಂತಹ ಉಚಿತ ತಂತ್ರಾಂಶದಿಂದ ಇದನ್ನು ಓದಬಹುದು. ಅದರಲ್ಲಿ ಸಾಲುಗಳು ಬಹಳ. ಕೆಟ್ಟುಹೋಗಿ ಮೀಸಲು ಸ್ಥಳಕ್ಕೆ ಬದಲಾಯಿಸಲ್ಪಟ್ಟ ಸೆಕ್ಟರುಗಳೆಷ್ಟು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವವು ಎಷ್ಟು, ಈ ಎರಡನ್ನು ನೋಡಿದರೆ ಹೊಸಬರಿಗೆ ಸಾಕು. ಎರಡೂ ಸೊನ್ನೆಯಾಗಿದ್ದರೆ ಸಂತೋಷ, ಆದರೆ ಪೂರ್ತಿ ಧೈರ್ಯಪಡುವಂತಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿನ ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕುಗಳಲ್ಲಿ ನೂರಕ್ಕೆ 56ಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಮುಂದಾಗಿ ತೋರಿರಲಿಲ್ಲ. ತಟ್ಟೆಯನ್ನು ಪರೀಕ್ಷಿಸುವಾಗ ಮೊದಲ ದೋಷವನ್ನು ತೋರಿದ ಡಿಸ್ಕುಗಳಾದರೋ, ಅಂತಹ ದೋಷವಿಲ್ಲದವುಗಳಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಅಧಿಕವಾಗಿತ್ತು. ಕೆಟ್ಟ ವರದಿಯನ್ನು ನಂಬಬೇಕು, ಒಳ್ಳೆಯ ವರದಿಯನ್ನು ಅರ್ಧ ಮಾತ್ರ ನಂಬಬೇಕು ಎಂದಂತಾಯಿತು.

ಎರಡು ಸಂಖ್ಯೆಗಳೂ ಸೊನ್ನೆಯಾಗಿದ್ದರೆ ಚೆಕ್‌ಡಿಸ್ಕಿಗೆ ‘ಎಫ್’ ಸೇರಿಸಿ ದಾಖಲೆಯನ್ನು ತಿದ್ದಿಸಬಹುದು. ಆಪಲ್ ಗಣಕಯಂತ್ರದಲ್ಲಿ ಡಿಸ್ಕ್ ಯುಟಿಲಿಟಿಯೊಳಗಿನ ಫಸ್ಟ್ ಏಡ್ ಎಂಬ ಭಾಗವು ಇದೇ ಕೆಲಸವನ್ನು ಮಾಡುತ್ತದೆ. ‘ಆರ್’ ಪರೀಕ್ಷೆಯನ್ನು ಕೊನೆಯಲ್ಲಿ, ರಾತ್ರಿ ಮಲಗುವ ಮುನ್ನ ಆರಂಭಿಸಿ, ಡಿಸ್ಕನ್ನು ಅಲುಗಾಡದಂತೆ ಇರಿಸಿ ಬಿಡುವುದು ಅನುಕೂಲ. ಸಂಖ್ಯೆಗಳು ಸೊನ್ನೆಯಲ್ಲದಿದ್ದರೆ ಅವನ್ನು ತಾರೀಖಿನೊಡನೆ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ, ತಿಂಗಳ ನಂತರ ಮತ್ತೆ ನೋಡಬೇಕು. ಸಂಖ್ಯೆ ನಿಂತಲ್ಲಿಯೇ ನಿಂತಿದ್ದರೆ ಡಿಸ್ಕನ್ನು ಸಿನಿಮಾಗಳಿಗೆ ಬಿಡಬಹುದು. ಏರಿದ್ದರೆ ಅದರಲ್ಲಿ ಇನ್ನು ಏನನ್ನೂ ಇಡುವಂತಿಲ್ಲ.