107ಕ್ಕೆ ನಿದ್ದೆಗೆಡಬೇಡ

ಮೊನ್ನೆ ರಾತ್ರಿ ಹತ್ತೂವರೆಗೆ ನಿನ್ನ ಫೋನ್ ಬಂದಾಗ ಅಕ್ಕನಿಗೇನೋ ಆಯಿತೆಂದು ನನ್ನ ಎದೆ ಧಸಕ್ ಎಂದಿತ್ತು. ನೋಡಿದರೆ ಅವಳು ಒಳಗೆ ಆರಾಮವಾಗಿ ಧಾರಾವಾಹಿ ನೋಡುತ್ತಿದ್ದಾಳೆ, ನೀನು ಟೆರೇಸಿಗೆ ಹೋಗಿ ಯಾರಿಗೂ ಕೇಳದ ಹಾಗೆ ಪಿಸುಗುಟ್ಟುತ್ತಿದ್ದೀಯ: "ಚಿಕ್ಕಮ್ಮ, ಫಾಸ್ಟಿಂಗ್ ಶುಗರ್ ನೂರೇಳು ಬಂದಿದೆ." ಕಳ್ಳತನ ಮಾಡಿ ಸಿಕ್ಕಿಬಿದ್ದವನ ದನಿ ನಿನ್ನದು. ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್ಪಿನ ರಿಪೋರ್ಟಿನಲ್ಲಿ ಅದೊಂದು ಅಂಕಿ ದಪ್ಪಕ್ಷರದಲ್ಲಿತ್ತಂತೆ. ಮಾರನೇ ದಿನವೇ ಗ್ಲುಕೋಮೀಟರ್ ಕೊಂಡು ತಂದು, ಹತ್ತು ದಿನದಿಂದ ದಿನಕ್ಕೆ ಐದು ಸಲ ಬೆರಳು ಚುಚ್ಚಿಕೊಳ್ಳುತ್ತಿದ್ದೀಯಂತೆ. ನಾನು ಫೋನಿನಲ್ಲಿ ಹೇಳಿದ್ದೊಂದೂ ನಿನ್ನ ತಲೆಗೆ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದು.

ಮೊದಲು ಆ ನೂರೇಳು ಎಂದರೆ ಎಷ್ಟು ಅಂತ ಕಣ್ಣಿಗೆ ಕಾಣುವ ಹಾಗೆ ಹೇಳುತ್ತೇನೆ. ನಿನ್ನ ಮೈಯಲ್ಲಿರುವ ರಕ್ತ ಹೆಚ್ಚುಕಡಿಮೆ ಐದು ಲೀಟರ್. ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಇರುವ ಸಕ್ಕರೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. 100ಕ್ಕೂ 107ಕ್ಕೂ ಇರುವ ವ್ಯತ್ಯಾಸ ಒಂದು ಗ್ರಾಮಿನ ಮೂರನೇ ಒಂದು ಭಾಗ. ಎರಡು ಬೆರಳಲ್ಲಿ ಹಿಡಿಯುವ ಚಿಟಿಕೆ. ಆ ಚಿಟಿಕೆಗಾಗಿ ನೀನು ಹತ್ತು ರಾತ್ರಿ ಹೊರಳಾಡಿದ್ದೀಯ.

ನಾನು ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ಸೇರಿದ್ದು 1983ರಲ್ಲಿ. ಆಗ ಸಕ್ಕರೆ ನೋಡುವುದೆಂದರೆ ಬಹುಪಾಲು ಮೂತ್ರ ಪರೀಕ್ಷೆ. ಟೆಸ್ಟ್ ಟ್ಯೂಬಿಗೆ ನೀಲಿ ಬೆನೆಡಿಕ್ಟ್ ದ್ರಾವಣ ಐದು ಎಂಎಲ್ ಹಾಕಿ, ಎಂಟು ತೊಟ್ಟು ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಬಣ್ಣ ತಿರುಗುವುದನ್ನು ಬಾಗಿಲಲ್ಲಿ ನಿಂತ ರೋಗಿ ನಮ್ಮ ಮುಖದಲ್ಲೇ ಓದಿಕೊಳ್ಳುತ್ತಿದ್ದ. ರಕ್ತದಲ್ಲಿ ಸುಮಾರು 180 ದಾಟಿದ ಮೇಲಷ್ಟೇ ಸಕ್ಕರೆ ಮೂತ್ರಕ್ಕೆ ಇಳಿಯುವುದು. ನಿನ್ನಂಥವನದು ಆಗ ತಿಳಿ ನೀಲಿಯಾಗೇ ಇರುತ್ತಿತ್ತು, ಮನೆಗೆ ಹೋಗಿ ಒಬ್ಬಟ್ಟು ತಿನ್ನುತ್ತಿದ್ದೆ. ಆ ಕಾಲವೇ ಚೆನ್ನಾಗಿತ್ತು ಅನ್ನುತ್ತಿಲ್ಲ. ಗೊತ್ತಾಗದೆ ಕಾಲು ಕಳೆದುಕೊಂಡವರನ್ನೂ ನಾನು ನೋಡಿದ್ದೇನೆ.

ಗೆರೆಗಳೂ ಸರಿಯುತ್ತ ಬಂದಿವೆ. ಖಾಲಿ ಹೊಟ್ಟೆಯಲ್ಲಿ 140 ಮುಟ್ಟಿದರೆ ಕಾಯಿಲೆ ಅನ್ನುತ್ತಿದ್ದುದನ್ನು 1997ರಲ್ಲಿ ಅಮೆರಿಕದ ಡಯಾಬಿಟಿಸ್ ಸಂಘದವರು 126ಕ್ಕೆ ಇಳಿಸಿದರು. ಕಾಯಿಲೆಗೆ ಮುಂಚಿನ ಹಂತ 110ರಿಂದ ಶುರು ಎಂದಿದ್ದವರು 2003ರಲ್ಲಿ ಅದನ್ನು 100ಕ್ಕೆ ತಂದರು. ವಿಶ್ವ ಆರೋಗ್ಯ ಸಂಸ್ಥೆಯವರು ಇನ್ನೂ 110ರಲ್ಲೇ ನಿಂತಿದ್ದಾರೆ. ಅಂದರೆ ಅದೇ ರಕ್ತ, ಅದೇ 107. ಒಬ್ಬರ ಪುಸ್ತಕದಲ್ಲಿ ನೀನು ಪ್ರಿಡಯಾಬಿಟಿಕ್, ಇನ್ನೊಬ್ಬರ ಪುಸ್ತಕದಲ್ಲಿ ಅಲ್ಲ.

ಇನ್ನು ಆ ದಿನ ರಕ್ತ ಕೊಟ್ಟದ್ದು ಹೇಗೆ ಅಂತ ನೆನಪು ಮಾಡಿಕೋ. ಹಿಂದಿನ ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಅಂತ ಒಂದೂವರೆವರೆಗೆ ಎದ್ದಿದ್ದೆ, ಊಟ ಮಾಡಿದ್ದು ಹನ್ನೊಂದಕ್ಕೆ, ಬೆಳಿಗ್ಗೆ ಏಳಕ್ಕೆ ಸೂಜಿ. ಅದರ ಹಿಂದಿನ ವಾರ ಜ್ವರ. ಜ್ವರ, ನಿದ್ದೆಗೇಡು, ಗಾಬರಿ ಎಲ್ಲವೂ ಸಕ್ಕರೆ ಏರಿಸುತ್ತವೆ. ಸಾಲದ್ದಕ್ಕೆ ಬೆಳಗಿನ ಜಾವದ ಆಟ ಬೇರೆ ಇದೆ. ನಾವೇಳುವ ಮುಂಚೆಯೇ ಎದ್ದು ಒಲೆ ಹೊತ್ತಿಸುವ ಮನೆಯ ಹೆಂಗಸಿನ ಹಾಗೆ ನಮ್ಮ ಲಿವರ್. ಕಾರ್ಟಿಸಾಲ್, ಗ್ರೋತ್ ಹಾರ್ಮೋನುಗಳು ಬಂದು ಎಬ್ಬಿಸಿದ ಕೂಡಲೇ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಏನೂ ತಿನ್ನದೆ ಮಲಗಿದವನಿಗೆ ಬೆಳಿಗ್ಗೆ ಶುಗರ್ ಏರುವುದು ಹೇಗೆ ಅಂತ ಕೇಳಿದೆಯಲ್ಲ, ಹೀಗೆ.

ಲ್ಯಾಬಿನ ಅಂಕಿಯೂ ದೇವರ ಪ್ರಸಾದವಲ್ಲ. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಮ್ಮೆ ಕರೆಂಟ್ ಹೋಗಿ ಮಷಿನ್ ನಿಂತಿತ್ತು. ಸಕ್ಕರೆ ಕೆಡದ ಹಾಗೆ ಫ್ಲೋರೈಡ್ ಪುಡಿ ಹಾಕಿಟ್ಟ ಬಾಟಲಿಗಳೂ ಮುಗಿದಿದ್ದವು. ರಕ್ತವನ್ನು ಹಾಗೇ ಇಟ್ಟು ಮೂರು ತಾಸಿನ ಮೇಲೆ ನೋಡಿದೆ. ವರ್ಷಗಳಿಂದ ಶುಗರ್ ಇದ್ದ ಅಜ್ಜಿಯೊಬ್ಬರದು ಎಂದೂ ಇಲ್ಲದಷ್ಟು ಕಮ್ಮಿ. ಅವರು ಕೈಮುಗಿದು ಖುಷಿಯಾಗಿ ಹೋದರು. ಹಾಗೇ ಬಿಟ್ಟ ರಕ್ತದಲ್ಲಿ ಕಣಗಳು ಗಂಟೆಗೆ ನೂರಕ್ಕೆ ಐದಾರು ಪಾಲು ಸಕ್ಕರೆ ತಿಂದುಹಾಕುತ್ತವೆ ಅಂತ ಓದಿದ್ದು ಆಗ ಮರೆತೇಹೋಗಿತ್ತು. ಮಾರನೇ ದಿನ ಅವರ ಮನೆ ಹುಡುಕಿಕೊಂಡು ಹೋಗಿ ಮತ್ತೆ ರಕ್ತ ತೆಗೆದೆ. ಹೋದ ವರ್ಷ 96 ಇತ್ತು, ಈಗ 107 ಆಯಿತು ಎಂದು ಅಳುತ್ತಿದ್ದೀಯಲ್ಲ, ಆ 96 ಎಷ್ಟು ತಾಸು ಕಾದು ಕೂತಿತ್ತೋ ಯಾರಿಗೆ ಗೊತ್ತು. ಅದೂ ಅಲ್ಲದೆ ಒಬ್ಬನದೇ ರಕ್ತ ಇವತ್ತಿಗೂ ನಾಳೆಗೂ ಐದಾರು ಅಂಕಿ ಆಚೀಚೆ ಆಗುವುದು ಮಾಮೂಲಿ.

ಮನೆಯಲ್ಲಿಟ್ಟುಕೊಂಡ ಆ ಪುಟ್ಟ ಮಷಿನ್ನಿನ ಕತೆ ಇನ್ನೂ ಸಡಿಲ. ನೂರಕ್ಕೆ ಹದಿನೈದು ಹೆಚ್ಚು ಅಥವಾ ಕಮ್ಮಿ ತೋರಿಸಿದರೂ ಅದು ಪಾಸು. ನಿಜವಾಗಿ 100 ಇದ್ದರೆ ಅದು 87 ಅಂದರೂ ಸರಿ, 113 ಅಂದರೂ ಸರಿ. ನೀನು ವಾಟ್ಸಾಪಿನಲ್ಲಿ ಕಳಿಸಿದ 98, 111, 104 ಎಲ್ಲ ಒಂದೇ. ಭಾನುವಾರ 168 ಬಂತೆಂದು ಬೆವತೆಯಲ್ಲ, ಆಮೇಲೆ ಅಕ್ಕ ಹೇಳಿದಳು: ಆಗಷ್ಟೇ ಹಲಸಿನ ತೊಳೆ ಬಿಡಿಸಿ ಕೈ ಒರೆಸಿಕೊಂಡು ಹೋದ ಅಂತ. ಸೋಪು ಹಾಕಿ ತೊಳೆದು ನೋಡಿದರೆ 112. ಮಷಿನ್ ಅಳೆದದ್ದು ಬೆರಳಿಗಂಟಿದ ಹಲಸನ್ನೂ ಸೇರಿಸಿ. ಔಷಧಿ ತೆಗೆದುಕೊಳ್ಳುವವರಿಗೆ ಅದು ಬೇಕಾದ ಸಾಮಾನು. ನಿನಗೆ ಅದು ಜೇಬಿನೊಳಗಿನ ಚೇಳು. ಸದ್ಯ ಬೀರುವಿನ ಮೇಲೆ ಹಾಕು.

ಹಾಗಂತ ಏನೂ ಇಲ್ಲ, ಮರೆತುಬಿಡು ಅನ್ನುವವಳಲ್ಲ ನಾನು. ನಿಮ್ಮಪ್ಪನಿಗೆ ಐವತ್ತಕ್ಕೇ ಶುಗರ್ ಬಂದಿತ್ತು. ಐಸಿಎಂಆರ್‌ನವರ ದೊಡ್ಡ ಸಮೀಕ್ಷೆ 2023ರಲ್ಲಿ ಹೊರಬಂತು. ಅದರ ಲೆಕ್ಕದಲ್ಲಿ ದೇಶದಲ್ಲಿ ಹತ್ತು ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಹದಿಮೂರೂವರೆ ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ. ನಮ್ಮವರ ಮೈಗುಣವೇ ಹಾಗೆ: ಕೈಕಾಲು ಸಣ್ಣ, ಕೊಬ್ಬೆಲ್ಲ ಹೊಟ್ಟೆಯಲ್ಲಿ. ಟೈಲರ್ ಟೇಪು ತಗೊಂಡು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳತೆ ಮಾಡು. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಮಿತಿ. ಹೊಟ್ಟೆ ಒಳಗೆ ಎಳೆದುಕೊಂಡು ಸುಳ್ಳು ಅಳತೆ ಕಳಿಸಬೇಡ, ಯುಗಾದಿಯಲ್ಲಿ ನಿನ್ನ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದದ್ದು ನೋಡಿದ್ದೇನೆ.

ನಡಿಗೆಯಿಂದ ಏನಾಗುತ್ತೆ ಅಂತ ಮೂಗು ಮುರಿಯಬೇಡ. ಚೆನ್ನೈನಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡ ಹೊಸ್ತಿಲಲ್ಲಿದ್ದ ಜನರನ್ನು ಮೂರು ವರ್ಷ ನೋಡಿತ್ತು, 2006ರಲ್ಲಿ ಫಲಿತಾಂಶ ಬಂತು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ ಐವತ್ತೈದು ಜನಕ್ಕೆ ಕಾಯಿಲೆ ಬಂದರೆ, ಊಟ ನಡಿಗೆ ತಿದ್ದಿಕೊಂಡವರಲ್ಲಿ ಅದು ಮೂವತ್ತೊಂಬತ್ತು. ಅವರಿಗೆ ನಿನಗಿಂತ ಹೆಚ್ಚೇ ಏರುಪೇರಾಗಿತ್ತು.

ಊಟದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಬೀದಿಯವರೆಲ್ಲ ಈಗಾಗಲೇ ಹೇಳಿರುತ್ತಾರೆ. ರಾತ್ರಿ ಊಟ ಎಂಟಕ್ಕೆ ಮುಗಿಸು, ಆಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ಓಡಾಡು. ತಟ್ಟೆಯಲ್ಲಿ ಅನ್ನ ಅರ್ಧ ಮಾಡು, ಪಲ್ಯ ಹುಳಿ ಎರಡರಷ್ಟು ಮಾಡು. ಸಕ್ಕರೆ ಬಿಟ್ಟು ಬೆಲ್ಲದ ಕಾಫಿಗೆ ಬಂದಿದ್ದೇನೆ ಎಂದು ಹೆಮ್ಮೆಪಡಬೇಡ, ರಕ್ತಕ್ಕೆ ಎರಡೂ ಒಂದೇ. ರಾಗಿ ಅಂದ ಮಾತ್ರಕ್ಕೆ ಲೋಟಗಟ್ಟಲೆ ಮಾಲ್ಟ್ ಕುಡಿಯುವುದೂ ಅಷ್ಟೆ. ಹಾಗಲಕಾಯಿ ರಸಕ್ಕೆ ಮುಖ ಕಿವುಚಬೇಕಾಗಿಲ್ಲ, ಪಲ್ಯ ಮಾಡಿಕೊಂಡು ತಿನ್ನು. ಅಕ್ಕನ ಗೊಜ್ಜು ಬೇಡ. ಅದರಲ್ಲಿ ಹಾಗಲಕಾಯಿಗಿಂತ ಬೆಲ್ಲವೇ ಜಾಸ್ತಿ. ಸ್ನೇಹಿತ ಕೊಟ್ಟ ಮೆಟ್‌ಫಾರ್ಮಿನ್ ಸ್ಟ್ರಿಪ್ಪನ್ನು ಅವನಿಗೇ ವಾಪಸ್ ಕೊಡು.

ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಡು. ಹಿಂದಿನ ರಾತ್ರಿ ಎಂಟಕ್ಕೆ ಊಟ, ಹತ್ತಕ್ಕೆ ನಿದ್ದೆ, ಬೆಳಿಗ್ಗೆ ನೀರು ಬಿಟ್ಟರೆ ಕಾಫಿಯೂ ಇಲ್ಲ. ಹೆಚ್‌ಬಿಎ1ಸಿ ಕೂಡ ಬರೆಸು. 5.7ರ ಒಳಗಿದ್ದರೆ ಒಳ್ಳೆಯದು, 6.5 ಮುಟ್ಟಿದರೆ ಕಾಯಿಲೆಯ ಮಾತು. ಮೈಯಲ್ಲಿ ಕಬ್ಬಿಣ ಕಮ್ಮಿಯಿದ್ದರೆ ಅದು ಸುಳ್ಳು ಹೇಳಬಹುದು, ಅದಕ್ಕೇ ಹಿಮೋಗ್ಲೋಬಿನ್ ಸಹ ನೋಡಲಿ. ಡಾಕ್ಟರು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡೋಣ ಅಂದರೆ ಬೇಡ ಅನ್ನಬೇಡ. 140ರ ಒಳಗಿದ್ದರೆ ಸರಿ. ಪಾಸಾಗಬೇಕೆಂದು ಮೂರು ದಿನ ಅನ್ನ ಮುಟ್ಟದೆ ಹೋಗುವ ಜಾಣತನ ಮಾತ್ರ ಬೇಡ. ಹಾಗೆ ಹೋದವರಿಗೆ ಗ್ಲೂಕೋಸ್ ಕುಡಿದ ಮೇಲೆ ಇಲ್ಲದ ಶುಗರ್ ಬರುತ್ತದೆ. ಖಾಲಿ ಹೊಟ್ಟೆಯದು ಎರಡು ಸಲ 126 ಮುಟ್ಟಿದರೆ ಆಗ ಇಬ್ಬರೂ ಸೇರಿ ಯೋಚನೆ ಮಾಡೋಣ. ಆಗಾಗ ಬಾಯಾರಿಕೆ, ಪದೇಪದೇ ಮೂತ್ರ, ಸುಮ್ಮಸುಮ್ಮನೆ ತೂಕ ಇಳಿಯುವುದು, ಇವು ಕಂಡರೆ ಮಾತ್ರ ಮೂರು ವಾರ ಕಾಯಬೇಡ.

ಇದನ್ನು ಬರೆಯುವಾಗಲೇ ಇನ್ನೊಂದು ನೆನಪಾಯಿತು. ಯುಗಾದಿಗೆ ಬಂದಾಗ ನಾನು ಅಕ್ಕನ ಪಕ್ಕದಲ್ಲೇ ಮಲಗಿದ್ದೆ. ರಾತ್ರಿ ಮೂರು ಸಲ ಎದ್ದಳು. ಹಿಮ್ಮಡಿಯ ಮೇಲೊಂದು ಗಾಯ, ಚಪ್ಪಲಿ ಕಚ್ಚಿದ್ದು ಅಂದಳು. ಹೋದ ವಾರ ಫೋನಿನಲ್ಲಿ ಕೇಳಿದರೆ ಇನ್ನೂ ಮಾಗಿಲ್ಲವಂತೆ. ಕೊನೆಯ ಸಲ ಅವಳ ರಕ್ತ ನೋಡಿದ್ದು ಕಣ್ಣಿನ ಪೊರೆ ಆಪರೇಷನ್ನಿಗೆ, ಆರು ವರ್ಷವಾಯಿತು. ನಿನ್ನದಕ್ಕೆ ಮೂರು ವಾರ ಕಾಯಬಹುದು, ಅವಳದಕ್ಕೆ ಬೇಡ. ಈ ಶನಿವಾರವೇ ಲ್ಯಾಬಿಗೆ ಕರೆದುಕೊಂಡು ಹೋಗು. ಟೆಸ್ಟು ಅವಳಿಗೇ ಅಂತ ಹೇಳಿದರೆ ಹೊರಡುವುದಿಲ್ಲ. "ನನಗೆ ಹೆದರಿಕೆ ಆಗುತ್ತೆ, ಜೊತೆಗೆ ಬಾಮ್ಮ" ಅನ್ನು. ಅದೇನೂ ಸುಳ್ಳಲ್ಲವಲ್ಲ.